ಬೀದಿಗೆ ಹಿಡಿದ ಕನ್ನಡಿ

ನಮ್ಮ ಊರಿನ ಬೀದಿಯನ್ನು ನಾವು ದಿನವೂ ನೋಡುತ್ತೇವೆ. ದಿನವೂ ನೋಡುವುದರಿಂದಲೇ ಅದು ನಮಗೆ ಕಾಣುವುದಿಲ್ಲ. ಅದನ್ನು ಕಾಣಿಸಿಕೊಡಲು ಒಮ್ಮೊಮ್ಮೆ ಹೊರಗಿನವನೊಬ್ಬ ಬರಬೇಕಾಗುತ್ತದೆ.

ಅಮೆರಿಕಕ್ಕೆ ಹಾಗೆ ಬಂದವನು ರಾಬರ್ಟ್ ಫ್ರಾಂಕ್. 1924ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಈತ 1955 ಮತ್ತು 1956ರಲ್ಲಿ, ಗುಗನ್‌ಹೈಮ್ ಪ್ರತಿಷ್ಠಾನದ ನೆರವಿನಿಂದ, ಹಳೆಯ ಕಾರೊಂದರಲ್ಲಿ ಆ ದೇಶವನ್ನೆಲ್ಲ ಸುತ್ತಿದ. ತೆಗೆದ ಚಿತ್ರಗಳು ಸುಮಾರು 27,000. ಪುಸ್ತಕಕ್ಕೆ ಆರಿಸಿದ್ದು 83 ಮಾತ್ರ. 'ದಿ ಅಮೆರಿಕನ್ಸ್' 1958ರಲ್ಲಿ ಪ್ಯಾರಿಸ್ಸಿನಲ್ಲಿಯೂ ಮರುವರ್ಷ ಅಮೆರಿಕದಲ್ಲಿಯೂ ಪ್ರಕಟವಾಯಿತು. ತಮ್ಮ ಸಮೃದ್ಧಿಯ ಕಥೆಯನ್ನೇ ಕೇಳಿ ಅಭ್ಯಾಸವಾಗಿದ್ದ ಅಲ್ಲಿನ ಹಲವು ವಿಮರ್ಶಕರು ಸಿಟ್ಟಾದರು.

ಸಿಟ್ಟಿನ ಕಾರಣ ಒಂದು ಚಿತ್ರದಿಂದಲೇ ತಿಳಿಯುತ್ತದೆ. ನ್ಯೂ ಆರ್ಲಿಯನ್ಸ್ ನಗರದ ಒಂದು ಟ್ರಾಮ್. ಮುಂದಿನ ಕಿಟಕಿಗಳಲ್ಲಿ ಬಿಳಿಯರು, ಹಿಂದಿನ ಕಿಟಕಿಗಳಲ್ಲಿ ಕಪ್ಪು ಜನ. ಯಾರೂ ಯಾರನ್ನೂ ಹೊಡೆಯುತ್ತಿಲ್ಲ, ಬಯ್ಯುತ್ತಿಲ್ಲ. ಕುಳಿತ ಕ್ರಮವೇ ಎಲ್ಲವನ್ನೂ ಹೇಳುತ್ತದೆ. ಅದೇ 1955ರ ಡಿಸೆಂಬರ್ 1ರಂದು ಮಾಂಟ್‌ಗೊಮರಿಯ ಬಸ್ಸಿನಲ್ಲಿ ರೋಸಾ ಪಾರ್ಕ್ಸ್ ತನ್ನ ಸೀಟು ಬಿಟ್ಟೇಳಲು ನಿರಾಕರಿಸಿದಳು.

ಈ ಚಿತ್ರವನ್ನು ಕಂಡಾಗಲೆಲ್ಲ ನನಗೆ ಕೋಲಾರದ ನನ್ನ ಬಾಲ್ಯ ನೆನಪಾಗುತ್ತದೆ. ಆಗ ನಮಗೆ ಫೋಟೋ ಎಂದರೆ ಸ್ಟುಡಿಯೋದ ಬಣ್ಣದ ಪರದೆಯ ಮುಂದೆ ಉಸಿರು ಬಿಗಿಹಿಡಿದು ನಿಲ್ಲುವುದು. ಅತ್ತ, ಹೋಟೆಲೊಂದರ ಹೊರಗೋಡೆಯ ಗೂಡಿನಲ್ಲಿ ಕೆಲವು ಲೋಟಗಳು ಬೇರೆಯಾಗಿ ಇರುತ್ತಿದ್ದವು. ಅವನ್ನು ಕುಡಿದವರೇ ತೊಳೆದಿಡಬೇಕಿತ್ತು. ನಾನು ಒಳಗೆ ಕುಳಿತು ಕಾಫಿ ಕುಡಿದವನು. ಆ ಲೋಟಗಳ ಚಿತ್ರ ನಮ್ಮ ಮನೆಯ ಯಾವ ಆಲ್ಬಮ್ಮಿನಲ್ಲಿಯೂ ಇಲ್ಲ. ಹಾಗೆಲ್ಲ ಇರಲೇ ಇಲ್ಲವೆಂದು ಇಂದು ಯಾರಾದರೂ ವಾದಿಸಿದರೆ, ತೋರಿಸಲು ನನ್ನಲ್ಲಿ ಏನೂ ಇಲ್ಲ.

ಬೀದಿಯ ಸಾಮಾನ್ಯರತ್ತ ಕ್ಯಾಮರಾ ತಿರುಗಿಸಿದವರು ನಮ್ಮಲ್ಲಿ ಇರಲಿಲ್ಲವೆಂದಲ್ಲ. ಮೈಸೂರಿನ ಟಿ.ಎಸ್. ಸತ್ಯನ್ ಅವರು ತೆಗೆದ ಮಕ್ಕಳ ಚಿತ್ರಗಳು 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಅವರದು ಮಮತೆಯ ಕಣ್ಣು; ಫ್ರಾಂಕನದು ಪ್ರಶ್ನಿಸುವ ಕಣ್ಣು. ಸಮಾಜಕ್ಕೆ ಎರಡೂ ಬೇಕು.

ಇಂದು ನಮ್ಮೆಲ್ಲರ ಜೇಬಿನಲ್ಲಿ ಕ್ಯಾಮರಾ ಇದೆ. ಅದನ್ನು ನಾವು ಹೆಚ್ಚಾಗಿ ನಮ್ಮ ಮುಖಕ್ಕೇ ಹಿಡಿಯುತ್ತೇವೆ. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ, ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ, ಮುಳಬಾಗಿಲಿನ ಬಸ್ ನಿಲ್ದಾಣದಲ್ಲಿ ಯಾರು ಕುಳಿತಿದ್ದಾರೆ, ಯಾರು ನಿಂತೇ ಇದ್ದಾರೆ ಎಂಬುದನ್ನು ಒಮ್ಮೆ ನೋಡಬಾರದೇಕೆ? ಕೋಪದ ಮಾತು ಬೇಕಿಲ್ಲ. ಇದ್ದುದನ್ನು ಇದ್ದಲ್ಲೇ ತೋರಿಸಿದರೆ ಸಾಕು.