ಗಾಲಿಯ ಮೇಲೊಂದು ಬಿಡಾರ

ಬನದ ಹುಣ್ಣಿಮೆ ಹತ್ತಿರವಾಯಿತೆಂದರೆ ಕೊಳ್ಳೇಗಾಲದಾಚೆಯ ಚಿಕ್ಕಲ್ಲೂರಿನ ಹೊಲಗಳಲ್ಲಿ ಐದು ದಿನದ ಮಟ್ಟಿಗೆ ಒಂದು ಊರೇ ಎದ್ದು ನಿಲ್ಲುತ್ತದೆ. ಮೈಸೂರು, ಮಂಡ್ಯ, ರಾಮನಗರದ ಕಡೆಯಿಂದ ಜಾತ್ರೆಯ ದೈವ ಸಿದ್ಧಪ್ಪಾಜಿಯ ಒಕ್ಕಲಿನವರು ಪಾತ್ರೆ, ಸೌದೆ, ಚಾಪೆ, ಕಂಬಳಿ ಹೇರಿಕೊಂಡು ಬಂದು ಬಿಡಾರ ಹೂಡುತ್ತಾರೆ. ಮೊದಲ ದಿನದ ಚಂದ್ರಮಂಡಲದ ರಾತ್ರಿಯಿಂದ ಕೊನೆಯ ದಿನದ ಮುತ್ತತ್ತಿರಾಯನ ಸೇವೆಯವರೆಗೆ ಅಡುಗೆ, ಊಟ, ನಿದ್ದೆ ಎಲ್ಲವೂ ಅಲ್ಲೇ. ಹಿಂದೆ ಬರುತ್ತಿದ್ದುದು ಕಮಾನು ಕಟ್ಟಿದ ಎತ್ತಿನ ಗಾಡಿ. ಒಳಗೆ ಹುಲ್ಲು ಹಾಸಿ ಮುದುಕರು, ಮಕ್ಕಳು ಮಲಗಿದರೆ ಗಂಡಸರಿಗೆ ಗಾಡಿಯಡಿಯ ನೆರಳೇ ಮನೆ. ಈಗ ಎತ್ತಿನ ಜಾಗಕ್ಕೆ ಟ್ರ್ಯಾಕ್ಟರು, ಪಿಕಪ್ ಬಂದಿವೆ; ಕಮಾನಿನ ಜಾಗಕ್ಕೆ ಟಾರ್ಪಾಲು. ಸರಕಿನ ತೊಟ್ಟಿಯಲ್ಲಿ ಜನ ತುಂಬಿಕೊಂಡು ಬರುವುದು ಕಾನೂನಿಗೂ ಜೀವಕ್ಕೂ ಒಳ್ಳೆಯದಲ್ಲ, ಅದು ಬೇರೆ ಮಾತು. ಆದರೆ ವಾಹನವನ್ನೇ ಮನೆ ಮಾಡಿಕೊಳ್ಳುವ ಹವ್ಯಾಸ ಹೊರದೇಶದ್ದೆಂದು ಯಾರಾದರೂ ಹೇಳಿದರೆ ಈ ಸೀಮೆಯವರಿಗೆ ನಗು ಬರಬೇಕು.

ಪಿಕಪ್ ಬೆನ್ನಿನ ಮೇಲೆ ಮಲಗುವ ಕೋಣೆ, ಒಲೆ, ನೀರಿನ ಟ್ಯಾಂಕು ಕೂರಿಸಿ ಕಾಡುದಾರಿಗೂ ಒಗ್ಗುವಂತೆ ಮನೆಯಂಗಳದಲ್ಲೇ ಕಟ್ಟಿಕೊಳ್ಳುವ ಕ್ಯಾಂಪರ್ ಅದೇ ಕಮಾನು ಗಾಡಿಯ ವಂಶದ್ದು. ಅದಕ್ಕೆ ಬೇಕಾದ ಕೈಗಳೂ ಇಲ್ಲಿ ಹೊಸವಲ್ಲ. ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ವೆಲ್ಡಿಂಗ್ ಅಂಗಡಿ ಯಾವ ತಾಲ್ಲೂಕು ಕೇಂದ್ರದಲ್ಲಿಲ್ಲ? ಅಷ್ಟೇಕೆ, ಸಿದ್ಧಪ್ಪಾಜಿಯೇ ಮೂಲದಲ್ಲಿ ಕೆಂಪಾಚಾರಿ ಎಂಬ ಪಾಂಚಾಳರ ಮನೆಯ ಹುಡುಗ, ಗುರು ಮಂಟೇಸ್ವಾಮಿಗಾಗಿ ಹಲಗೂರಿಗೆ ಕಬ್ಬಿಣದ ಭಿಕ್ಷೆಗೆ ಹೋದವನು. ಕುಲುಮೆಗೂ ಈ ಜಾತ್ರೆಗೂ ನಂಟು ಹಳೆಯದು.

ಮೊದಲು ವಾಹನ. ಮಹೀಂದ್ರ ಕಂಪನಿಯ ಬೊಲೆರೊ ಕ್ಯಾಂಪರ್ ಹಳ್ಳಿಗಳಲ್ಲಿ ಎಲ್ಲರೂ ಕಂಡಿರುವ ಗಾಡಿ. ಕ್ಯಾಂಪರ್ ಎಂಬುದು ಹೆಸರಿಗಷ್ಟೇ. ಮುಂದೆ ಐದು ಜನ, ಹಿಂದೆ ಸರಕಿನ ತೊಟ್ಟಿ, ಮಲಗಲು ಗೇಣು ಜಾಗವಿಲ್ಲ. ಆದರೆ ನಾಲ್ಕೂ ಗಾಲಿಗೆ ಎಳೆತವಿರುವ ಮಾದರಿಯೂ ಸಿಗುವುದರಿಂದ ಕಟ್ಟುವವರ ಕಣ್ಣು ಅದರ ಮೇಲೆ. ದುಡ್ಡಿದ್ದವರಿಗೆ ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್ ಇವೆ.

ಪಿಕಪ್ ನಿಂತಿರುವಾಗ ಕ್ಯಾಬಿನ್‌ಗೂ ತೊಟ್ಟಿಗೂ ನಡುವಿನ ಸಂದನ್ನು ಬಗ್ಗಿ ನೋಡಿ. ಅಲ್ಲಿ ಬೆರಳು ತೂರುವಷ್ಟು ಜಾಗ ಬಿಟ್ಟಿರುತ್ತಾರೆ. ಒಂದು ಮುಂಗಾಲಿ ಬಂಡೆ ಹತ್ತಿ, ಎದುರು ಮೂಲೆಯ ಹಿಂಗಾಲಿ ಹಳ್ಳಕ್ಕಿಳಿದಾಗ ಅಡಿಯ ಚಾಸಿ ತಿರುಚಿಕೊಳ್ಳುತ್ತದೆ. ಕ್ಯಾಬಿನ್ ಒಂದು ಕಡೆ, ತೊಟ್ಟಿ ಒಂದು ಕಡೆ ವಾಲುತ್ತವೆ. ಆ ಸಂದು ಇಲ್ಲದಿದ್ದರೆ ಎರಡೂ ಒಂದಕ್ಕೊಂದು ಗುದ್ದಿಕೊಂಡಾವು. ಹೊಸಬರು ಎಡವುವುದು ಇಲ್ಲೇ. ಗಟ್ಟಿಯಾಗಿರಲಿ ಎಂದು ಚೌಕ ಪೈಪಿನ ಪೆಟ್ಟಿಗೆಯನ್ನು ನಾಲ್ಕು ಮೂಲೆಯಲ್ಲೂ ಚಾಸಿಗೆ ಬೆಸೆದುಬಿಡುತ್ತಾರೆ. ಡಾಂಬರು ರಸ್ತೆಯಲ್ಲಿ ತೊಂದರೆ ಕಾಣದು. ಕಲ್ಲುದಾರಿಯಲ್ಲಿ ನಾಲ್ಕು ದಿನ ಓಡಾಡಿದರೆ ಬಾಗಿಲು ಹಾಕಿಕೊಳ್ಳುವುದಿಲ್ಲ, ಕಿಟಕಿಯ ಮೂಲೆಯಲ್ಲಿ ಬಿರುಕು, ಕೊನೆಗೆ ಬೆಸುಗೆಯೇ ಬಿಡುತ್ತದೆ. ಜರ್ಮನಿಯ ಯೂನಿಮಾಗ್‌ನಂಥ ಟ್ರಕ್ಕುಗಳ ಮೇಲೆ ಮನೆ ಕಟ್ಟುವವರು ಇದಕ್ಕೆ ಕಂಡುಕೊಂಡ ಉಪಾಯ ಮೂರೇ ಕಡೆ ಆಧಾರ: ಎರಡು ಕಡೆ ಬಿಗಿ, ಮೂರನೆಯದು ತಿರುಗುವ ಕೀಲು. ಜಾತ್ರೆಯ ಬಯಲಲ್ಲಿ ಹೂಡುವ ಮೂರು ಕಲ್ಲಿನ ಒಲೆಯಂತೆ, ನೆಲ ಎಷ್ಟೇ ಏರುಪೇರಾದರೂ ಮೂರು ಆಧಾರದ ಮೇಲೆ ಕೂತದ್ದು ಕುಂಟುವುದಿಲ್ಲ. ಚಾಸಿ ಅಡಿಯಲ್ಲಿ ತನ್ನ ಪಾಡಿಗೆ ತಿರುಚಿಕೊಂಡಿರಲಿ, ಮೇಲಿನ ಮನೆಗೆ ಅದರ ಸೋಂಕಿಲ್ಲ. ಸಣ್ಣ ಪಿಕಪ್ಪಿಗೆ ಇಷ್ಟೆಲ್ಲ ಬೇಡವೆನಿಸಿದರೆ ಪೆಟ್ಟಿಗೆಯನ್ನು ತೊಟ್ಟಿಯೊಳಗೇ, ರಬ್ಬರ್ ಮೆತ್ತೆ ಕೊಟ್ಟು ಬೋಲ್ಟಿನಲ್ಲಿ ಕೂರಿಸುವುದುಂಟು. ಬೇಡವಾದಾಗ ಇಳಿಸಿಡಬಹುದು.

ಇನ್ನು ಭಾರ. ನನ್ನನ್ನು ಕೇಳಿದರೆ ಈ ಕಸುಬಿನ ಮುಕ್ಕಾಲು ಪಾಲು ಇದೇ. “ಮುಂಭಾರ ಆಗದ ಕಣ್ರಪ್ಪಾ, ವಸಿ ಹಿಂದಕ್ ಸರ್ಕಳಿ” ಎನ್ನುವುದು ಗಾಡಿ ಹೊಡೆಯುವವರ ಮಾಮೂಲಿ ಮಾತು. ಭಾರ ಮುಂದಾದರೆ ನೊಗ ಎತ್ತಿನ ಹೆಗಲು ಒತ್ತುತ್ತದೆ, ಹಿಂದಾದರೆ ಮೂಕಿ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಪಿಕಪ್ಪಿನಲ್ಲಿ ನರಳುವ ಎತ್ತಿಲ್ಲ, ಹಾಗಾಗಿ ತಪ್ಪು ಬೇಗ ತಿಳಿಯುವುದಿಲ್ಲ. ಹಿಂಗಾಲಿಯ ಅಚ್ಚಿನಿಂದಾಚೆಗೆ ಭಾರ ಹೇರಿದರೆ ಮುಂಗಾಲಿಗೆ ನೆಲದ ಹಿಡಿತ ತಪ್ಪಿ, ತಿರುವಿನಲ್ಲಿ ಸ್ಟೀರಿಂಗ್ ಹಗುರಾಗುತ್ತದೆ. ಮಹದೇಶ್ವರ ಬೆಟ್ಟದ ಘಾಟಿಯಲ್ಲಿ ಅದನ್ನು ಕಲಿಯುವುದು ಬೇಡ.

ನೂರು ಲೀಟರ್ ನೀರೆಂದರೆ ನೂರು ಕಿಲೋ. ಟ್ಯಾಂಕನ್ನು ನೆಲಮಟ್ಟದಲ್ಲಿ, ಅಚ್ಚಿಗಿಂತ ತುಸು ಮುಂದೆ ಇಡಬೇಕು. ಒಳಗೆ ಅಡ್ಡ ತಡೆಗಳಿರಬೇಕು. ಇಲ್ಲದಿದ್ದರೆ ಅರ್ಧ ತುಂಬಿದ ಟ್ಯಾಂಕಿನ ನೀರು ಪ್ರತಿ ತಿರುವಿನಲ್ಲೂ ಒಂದೇ ಬದಿಗೆ ನುಗ್ಗುತ್ತದೆ. ಮನೆಯ ಇನ್ವರ್ಟರಿನ 150 ಎಎಚ್ ಟ್ಯೂಬುಲರ್ ಬ್ಯಾಟರಿ 50 ಕಿಲೋ ದಾಟುತ್ತದೆ. 12 ವೋಲ್ಟಿನ 100 ಎಎಚ್ ಲಿಥಿಯಂ ಬ್ಯಾಟರಿ ಹೆಚ್ಚುಕಮ್ಮಿ 12 ಕಿಲೋ. ಪೂರ್ತಿ ಬಳಸಿಕೊಂಡರೆ ಒಂದು ಯೂನಿಟ್ಟಿಗಿಂತ ಸ್ವಲ್ಪ ಜಾಸ್ತಿ ಕರೆಂಟು. ರಾತ್ರಿಯಿಡೀ ಒಂದು ಸಣ್ಣ ಫ್ಯಾನು, ಎರಡು ದೀಪ, ಫೋನುಗಳ ಚಾರ್ಜು ಕಳೆದೂ ಉಳಿಯುತ್ತದೆ. ಮೇಲೊಂದು 200 ವ್ಯಾಟ್ ಸೋಲಾರ್ ಫಲಕವಿದ್ದರೆ, ಕೊಳ್ಳೇಗಾಲದ ಬಿಸಿಲಿಗೆ ಖರ್ಚಾದದ್ದು ಮರುದಿನ ತುಂಬಿಕೊಳ್ಳುತ್ತದೆ. ಅದೇ ಬಿಸಿಲಿಗೆ ಬರೀ ತಗಡಿನ ಗೂಡು ಮಾತ್ರ ತಡೆಯದು. ಹೊರಗೆ ಅಲ್ಯೂಮಿನಿಯಂ ಹಾಳೆ, ನಡುವೆ ಶಾಖ ತಡೆಯುವ ಪಫ್ ಹಲಗೆ, ಒಳಗೆ ತೆಳು ಪ್ಲೈವುಡ್ ಎನ್ನುವುದು ರೂಢಿ. ಉಕ್ಕಿನ ಪೈಪು ಒಳಮುಖಕ್ಕೆ ಬೆತ್ತಲಾಗಿ ಉಳಿದರೆ ಬಿಳಿಗಿರಿರಂಗನ ಬೆಟ್ಟದ ಚಳಿಯಲ್ಲಿ ಉಸಿರಿನ ತೇವವೆಲ್ಲ ಅದರ ಮೇಲೆ ಕೂತು ಬೆಳಗಾಗುವಷ್ಟರಲ್ಲಿ ಹಾಸಿಗೆಗೆ ತೊಟ್ಟಿಕ್ಕುತ್ತದೆ.

ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇರದೆ ನೆಲದಲ್ಲೇ ಮಡುಗಟ್ಟುತ್ತದೆ. ಆದ್ದರಿಂದ ಸಿಲಿಂಡರಿಗೆ ಮಲಗುವ ಜಾಗದೊಡನೆ ಸಂಪರ್ಕವಿಲ್ಲದ, ಹೊರಗಿನಿಂದ ಬಾಗಿಲಿರುವ ಪ್ರತ್ಯೇಕ ಗೂಡು, ಆ ಗೂಡಿನ ತಳದಲ್ಲಿ ಹೊರಕ್ಕೆ ತೆರೆದ ತೂತು ಇರಲೇಬೇಕು. ತೂತಿನಿಂದ ಧೂಳು ಬರುತ್ತದೆಂದು ಬಟ್ಟೆ ತುರುಕುವವರಿದ್ದಾರೆ. ಅಂಥವರು ಹೊರಗೆ ಸೌದೆ ಒಲೆ ಹೂಡುವುದೇ ಕ್ಷೇಮ.

ಕಾಗದಪತ್ರದ ಕೆಲಸವನ್ನು ಕಟ್ಟುವ ಮೊದಲೇ ಮುಗಿಸಿಕೊಳ್ಳಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ಭಿನ್ನವಾಗುವಂತೆ ವಾಹನ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಒಂದೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಎಂದಾಯಿತು. ಹಾಗೆಂದು ದಾರಿ ಮುಚ್ಚಿಲ್ಲ. ಸ್ವಂತ ಬಳಕೆಯ ಕ್ಯಾಂಪರ್ ವ್ಯಾನನ್ನು ಕೇಂದ್ರದ 2004ರ ಅಧಿಸೂಚನೆಯೇ ಸಾರಿಗೆಯೇತರ ವಾಹನಗಳ ಪಟ್ಟಿಗೆ ಸೇರಿಸಿದೆ. ಮೋಟಾರು ಕ್ಯಾರವಾನ್‌ಗೆಂದೇ ಎಐಎಸ್ 124 ಎಂಬ ಮಾನದಂಡವಿದೆ. ನಕ್ಷೆ ಹಿಡಿದು ಆರ್‌ಟಿಒ ಕಚೇರಿಗೆ ಹೋಗಿ, ಯಾವುದಕ್ಕೆ ಅನುಮತಿ ಸಿಗುತ್ತದೆಂದು ತಿಳಿದುಕೊಂಡ ಮೇಲೆಯೇ ಗ್ರೈಂಡರ್ ಕೈಗೆತ್ತಿಕೊಳ್ಳುವುದು ಜಾಣತನ. ಇಳಿಸಿಡಬಹುದಾದ ಪೆಟ್ಟಿಗೆಗೂ ಇದೇ ಮಾತು. ಓಡುವಾಗ ಪೆಟ್ಟಿಗೆಯೊಳಗೆ ಯಾರೂ ಕೂರಕೂಡದು.

ಕಟ್ಟಿಯಾದ ಮೇಲೆ ಎಲ್ಲಿಗೆ? ಈ ಸೀಮೆಯ ಅರ್ಧದಷ್ಟು ಆಸೆ ಕಾಡಿನ ಗಡಿಯಲ್ಲೇ ನಿಲ್ಲುತ್ತದೆ. ಬಿಳಿಗಿರಿರಂಗನ ಬೆಟ್ಟ 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಮಲೆ ಮಹದೇಶ್ವರ ಮತ್ತು ಕಾವೇರಿ ವನ್ಯಜೀವಿಧಾಮಗಳು ಹನೂರನ್ನು ಬಳಸಿಕೊಂಡಿವೆ. ದಾರಿ ಬಿಟ್ಟು ಗಾಲಿ ಇಳಿಸುವಂತಿಲ್ಲ, ಅನುಮತಿಯಿಲ್ಲದೆ ರಾತ್ರಿ ತಂಗುವಂತಿಲ್ಲ. ನಾಲ್ಕು ಗಾಲಿ ಎಳೆತದ ಗಾಡಿ ಅಲ್ಲಿ ನಿಜಕ್ಕೂ ಬೇಕಾಗಿರುವುದು ಬೆಟ್ಟದೊಳಗಿನ ಹಾಡಿ, ಊರುಗಳವರಿಗೆ. ರೋಗಿಯನ್ನು ಡೋಲಿಯಲ್ಲಿ ಹೊತ್ತು ತರುವುದನ್ನು ಕಂಡವರಿಗೆ ನಮ್ಮ ಮೋಜಿನ ಸವಾರಿಯ ಬಗ್ಗೆ ಹೆಚ್ಚು ಕೊಚ್ಚಿಕೊಳ್ಳಲು ಬಾಯಿ ಬರುವುದಿಲ್ಲ. ಕ್ಯಾಂಪರಿಗೆ ಉಳಿಯುವುದು ಹೊಲದ ಬದುವಿನ ಬಂಡಿದಾರಿ, ಕೆರೆ ಏರಿಯ ಪಕ್ಕದ ಬಯಲು, ಪರಿಚಯದವರ ತೋಟ. ಅದೇನೂ ಕಡಿಮೆಯಲ್ಲ. ಆದರೆ ಮೊದಲ ಪ್ರಯಾಣ ಅಲ್ಲಿಗೂ ಅಲ್ಲ, ವೇಬ್ರಿಡ್ಜಿಗೆ: ನೀರು, ಗ್ಯಾಸು, ಹಾಸಿಗೆ, ಮನೆಮಂದಿ ಎಲ್ಲ ತುಂಬಿಕೊಂಡು ಒಮ್ಮೆ ಇಡೀ ಗಾಡಿ, ಆಮೇಲೆ ಮುಂಗಾಲಿ ಬೇರೆ, ಹಿಂಗಾಲಿ ಬೇರೆ ತೂಗಿಸಿ, ಆರ್‌ಸಿಯಲ್ಲಿ ನಮೂದಾದ ತೂಕಕ್ಕೆ ಹೋಲಿಸಿ ನೋಡುವುದು. ಚೀಟಿಯಲ್ಲಿ ತೂಕ ಮಿಕ್ಕಿದ್ದರೆ ಮೊದಲು ಕೆಳಗಿಳಿಯಬೇಕಾದ್ದು ಛಾವಣಿಯ ಮೇಲಿನ ಕಬ್ಬಿಣದ ಕ್ಯಾರಿಯರ್.