ರೋಡ್ ಬೈಕಿಗೆ ಯಾವ ಟಯರ್? ಸಪೂರವೇ ಮೇಲೆಂಬ ಭ್ರಮೆ ಬೇಡ

ಮುಂಬಯಿ: ಭಾನುವಾರ ನಸುಕಿನಲ್ಲಿ ಮರೀನ್ ಡ್ರೈವ್‌ನಲ್ಲೋ ನವಿಮುಂಬಯಿಯ ಪಾಮ್ ಬೀಚ್ ರಸ್ತೆಯಲ್ಲೋ ನಿಂತು ನೋಡಿದರೆ, ಹೆಲ್ಮೆಟ್ ತೊಟ್ಟು, ಬಾಗಿದ ಹ್ಯಾಂಡಲಿನ ಹಗುರ ಸೈಕಲ್‌ಗಳಲ್ಲಿ ಸಾಲಾಗಿ ಸಾಗುವ ಸವಾರರು ಕಾಣಸಿಗುತ್ತಾರೆ. ವಾರವಿಡೀ ಬ್ಯಾಂಕು, ಹೊಟೇಲು, ಐಟಿ ಕಚೇರಿಗಳಲ್ಲಿ ದುಡಿದು, ರಜೆಯ ದಿನ ಸೈಕಲ್ ಏರುವ ಕನ್ನಡಿಗ ಯುವಕ ಯುವತಿಯರೂ ಅವರಲ್ಲಿದ್ದಾರೆ. ಇವರು ಓಡಿಸುವ ‘ರೋಡ್ ಬೈಕ್’ ಮೋಟಾರು ಬೈಕಲ್ಲ. ಡಾಮರು ರಸ್ತೆಯಲ್ಲಿ ವೇಗವಾಗಿ, ದೂರ ಸಾಗಲೆಂದೇ ರೂಪಿಸಿದ ಸೈಕಲ್. ಸಾವಿರಾರು ರೂಪಾಯಿ ಸುರಿದು ಸೈಕಲ್ ಕೊಳ್ಳುವವರು, ಗೇರು, ಬ್ರೇಕು, ಬಣ್ಣ ಎಲ್ಲವನ್ನೂ ಹತ್ತು ಸಲ ವಿಚಾರಿಸುವವರು, ಟಯರಿನ ಬಗ್ಗೆ ಮಾತ್ರ ಅಂಗಡಿಯಾತ ಕೊಟ್ಟದ್ದನ್ನೇ ಒಪ್ಪಿ ಬರುವುದು ಸಾಮಾನ್ಯ. ಆದರೆ ಓಡುವ ಸೈಕಲಿಗೂ ನೆಲಕ್ಕೂ ಇರುವ ನಂಟು ಎರಡೂ ಟಯರುಗಳ ಹೆಬ್ಬೆರಳಗಲದ ರಬ್ಬರು ಮಾತ್ರ. ಸವಾರನ ಜೀವ ನಿಂತಿರುವುದು ಅದರ ಮೇಲೆ ಎಂಬುದರಲ್ಲಿ ಎರಡು ಮಾತಿಲ್ಲ.

ಹಳೆಯ ನಂಬಿಕೆ ಬದಲಾಗಿದೆ

ಟಯರ್ ಸಪೂರವಾದಷ್ಟೂ, ಗಾಳಿ ಬಿಗಿಯಾದಷ್ಟೂ ವೇಗ ಹೆಚ್ಚು ಎಂಬುದು ಬಹುಕಾಲದ ನಂಬಿಕೆ. ಸ್ಪರ್ಧಿಗಳು 23 ಮಿ.ಮೀ. ಅಗಲದ ಟಯರಿಗೆ 100 ಪೌಂಡಿಗೂ ಹೆಚ್ಚು ಗಾಳಿ ತುಂಬಿ ಓಡುತ್ತಿದ್ದ ಕಾಲವಿತ್ತು. ಇಂದು ಟೂರ್ ಡಿ ಫ್ರಾನ್ಸ್‌ನಂತಹ ಸ್ಪರ್ಧೆಯಲ್ಲೂ 28 ಮಿ.ಮೀ. ಅಗಲದ ಟಯರುಗಳು ಸಾಮಾನ್ಯವಾಗಿವೆ. ಕಲ್ಲು ಹಾಸಿದ ದಾರಿಗಳ ಪ್ಯಾರಿಸ್-ರೂಬೆ ಸ್ಪರ್ಧೆಗೆ ಇನ್ನೂ ಅಗಲದವನ್ನು ಬಳಸುತ್ತಾರೆ.

ಇದಕ್ಕೆ ಕಾರಣ ಸರಳ. ಟಯರ್ ಉರುಳುವಾಗ ನೆಲಕ್ಕೆ ತಾಗಿದ ಭಾಗ ಅದುಮಿ ಮತ್ತೆ ಸರಿಯಾಗುತ್ತದೆ. ಈ ಅದುಮುವಿಕೆಯಲ್ಲಿ ತುಳಿದ ಶಕ್ತಿಯ ಒಂದು ಪಾಲು ಕಳೆದುಹೋಗುತ್ತದೆ. ಗಾಳಿಯ ಒತ್ತಡ ಒಂದೇ ಇದ್ದರೆ, ಅಗಲದ ಟಯರ್ ನೆಲಕ್ಕೆ ತಾಗುವ ಭಾಗ ಗಿಡ್ಡವಾಗಿದ್ದು, ಅದುಮುವುದು ಕಡಿಮೆ. ಜತೆಗೆ ಒರಟು ರಸ್ತೆಯಲ್ಲಿ ಕಲ್ಲಿನಂತೆ ಬಿಗಿದ ಟಯರ್ ಪ್ರತಿ ಉಬ್ಬಿಗೂ ಸವಾರನನ್ನು ಎತ್ತಿ ಕುಕ್ಕುತ್ತದೆ. ಮುಂದೆ ಹೋಗಬೇಕಾದ ಶಕ್ತಿ ಮೇಲೆ ಕೆಳಗೆ ಕುಣಿಯುವುದರಲ್ಲೇ ವ್ಯಯವಾಗುತ್ತದೆ. ತುಸು ಮೆತ್ತಗಿನ ಟಯರ್ ಉಬ್ಬುಗಳನ್ನು ನುಂಗಿಕೊಂಡು ಸಾಗುತ್ತದೆ.

ಅಷ್ಟಕ್ಕೂ ಗಾಳಿ ತುಂಬಿದ ಟಯರ್ ಬಳಕೆಗೆ ಬಂದದ್ದೇ ಕುಲುಕಾಟ ತಪ್ಪಿಸಲು. 1888ರಲ್ಲಿ ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲಿಗೆಂದೇ ಇದನ್ನು ಸಿದ್ಧಪಡಿಸಿದ್ದರು. ಹೊಂಡ ಬಿದ್ದ ಘೋಡ್‌ಬಂದರ್ ರಸ್ತೆಯಲ್ಲಿ ಸಾಗುವವರು ಇದನ್ನು ಮರೆಯಬಾರದು.

ಅಳತೆ ಓದುವ ಬಗೆ

ಟಯರಿನ ಬದಿಯಲ್ಲಿ 28-622 ಎಂಬಂತೆ ಎರಡು ಅಂಕೆಗಳಿರುತ್ತವೆ. ಮೊದಲನೆಯದು ಅಗಲ, ಎರಡನೆಯದು ರಿಮ್ಮಿನ ಮೇಲೆ ಟಯರ್ ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. 700ಸಿ ಎಂದು ಕರೆಯುವುದೂ ಈ 622ರ ಅಳತೆಯನ್ನೇ. ಊರಿನಲ್ಲಿ ಅಜ್ಜ ಓಡಿಸುತ್ತಿದ್ದ ದೊಡ್ಡ ಕರಿ ಸೈಕಲಿನ 28 ಇಂಚಿನ ಟಯರಿನಲ್ಲಿ ಈ ಅಂಕೆ ಸಾಮಾನ್ಯವಾಗಿ 635. ಹೆಸರಿನಲ್ಲಿ ಹೋಲಿಕೆ ಇದ್ದರೂ ಅದು ರೋಡ್ ಬೈಕಿಗೆ ಕೂರದು. ಆದ್ದರಿಂದ ಅಂಗಡಿಯಲ್ಲಿ ಇಂಚಿನ ಲೆಕ್ಕ ಹೇಳುವ ಬದಲು ಈ ಎರಡು ಅಂಕೆಗಳನ್ನೇ ಹೇಳುವುದು ಒಳಿತು.

ಅಗಲದ ಟಯರ್ ಒಳ್ಳೆಯದೆಂದು ಸಿಕ್ಕಿದ್ದನ್ನು ಹಾಕುವಂತೆಯೂ ಇಲ್ಲ. ಹಳೆಯ ರಿಮ್ ಬ್ರೇಕಿನ ಅನೇಕ ಸೈಕಲ್‌ಗಳಲ್ಲಿ 25 ಮಿ.ಮೀ.ಗಿಂತ ಹೆಚ್ಚಿಗೆ ಜಾಗವಿಲ್ಲ. ಕೆಲವದರಲ್ಲಿ 28 ಹಿಡಿಯುತ್ತದೆ. ಡಿಸ್ಕ್ ಬ್ರೇಕಿನ ಹೊಸ ಸೈಕಲ್‌ಗಳಲ್ಲಿ 30, 32 ಕೂಡ ಕೂರುವುದುಂಟು. ಫ್ರೇಮು, ಫೋರ್ಕು ಮತ್ತು ಬ್ರೇಕಿನಿಂದ ಟಯರಿಗೆ ಸುತ್ತಲೂ ಕನಿಷ್ಠ 4 ಮಿ.ಮೀ. ತೆರವು ಉಳಿಯಬೇಕು. ಮಳೆಗಾಲದಲ್ಲಿ ಕೆಸರು ಅಂಟಿದಾಗ ಈ ತೆರವಿನ ಬೆಲೆ ತಿಳಿಯುತ್ತದೆ.

ಗಾಳಿ ಎಷ್ಟು ಪೌಂಡ್?

ಟಯರಿನ ಬದಿಯಲ್ಲಿ ಅಚ್ಚಾದ ಗರಿಷ್ಠ ಅಂಕೆಯಷ್ಟು ಗಾಳಿ ತುಂಬಲೇಬೇಕೆಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಅದು ಮೀರಬಾರದ ಮಿತಿಯೇ ಹೊರತು ಸಲಹೆಯಲ್ಲ. 70 ಕಿಲೋ ತೂಕದ ಸವಾರ 28 ಮಿ.ಮೀ. ಟಯರಿಗೆ ಹಿಂದೆ 70ರಿಂದ 75 ಪೌಂಡ್, ಮುಂದೆ ಅದಕ್ಕಿಂತ ಐದು ಪೌಂಡ್ ಕಡಿಮೆ ಇಟ್ಟು ಆರಂಭಿಸಬಹುದು. ಪಂಪಿನ ಮೀಟರಿನಲ್ಲಿ ಪಿಎಸ್‌ಐ ಎಂದು ಕಾಣುವುದು ಇದೇ. ತೂಕ ಹೆಚ್ಚಿದ್ದರೆ ಅಥವಾ ಟಯರ್ ಸಪೂರವಿದ್ದರೆ ಗಾಳಿ ಹೆಚ್ಚು ಬೇಕು. ತೂಕ ಕಡಿಮೆಯಾದರೆ ಕಡಿಮೆ ಸಾಕು. ತೀರಾ ಕಡಿಮೆಯಾದರೆ ಹೊಂಡಕ್ಕೆ ಇಳಿದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ, ಅಕ್ಕಪಕ್ಕ ಎರಡು ತೂತು ಬೀಳುತ್ತದೆ.

ಹೊಸ ಬಗೆಯ ‘ಹುಕ್‌ಲೆಸ್’ ರಿಮ್ ಇದ್ದವರು ವಿಶೇಷ ಎಚ್ಚರ ವಹಿಸಬೇಕು. ಟಯರನ್ನು ಹಿಡಿದಿಡುವ ಅಂಚಿನ ಕೊಕ್ಕೆ ಅದರಲ್ಲಿಲ್ಲ. ಅದಕ್ಕೆಂದೇ ತಯಾರಿಸಿದ ಟಯರನ್ನೇ ಹಾಕಬೇಕು, ಒತ್ತಡವೂ 5 ಬಾರ್, ಅಂದರೆ ಸುಮಾರು 72 ಪೌಂಡ್ ಮೀರಬಾರದು.

ರೋಡ್ ಬೈಕಿನ ಟ್ಯೂಬಿಗೆ ಸಾಮಾನ್ಯವಾಗಿ ‘ಪ್ರೆಸ್ಟಾ’ ಎಂಬ ಸಪೂರ ವಾಲ್ವ್ ಇರುತ್ತದೆ. ರಸ್ತೆ ಬದಿಯ ಪಂಕ್ಚರ್ ಅಂಗಡಿಯ ಗಾಳಿ ಕೊಳವೆ ಅದಕ್ಕೆ ಹಿಡಿಯದು. ಕೆಲವೇ ರೂಪಾಯಿಯ ಹಿತ್ತಾಳೆ ಅಡಾಪ್ಟರ್ ಒಂದು ಕಿಸೆಯಲ್ಲಿದ್ದರೆ ಮನೆಯಿಂದ ದೂರದಲ್ಲಿ ಸಿಕ್ಕಿಬೀಳುವ ಪ್ರಮೇಯ ಬಾರದು.

ಮಳೆಗಾಲದ ಮಾತು

ಗೀರುಗಳಿರುವ ಟಯರ್ ಮಳೆಯಲ್ಲಿ ಜಾರದು, ನುಣುಪಾದದ್ದು ಜಾರುತ್ತದೆ ಎಂದು ಹಲವರ ಎಣಿಕೆ. ಕಾರಿಗೆ ಅದು ನಿಜ. ಸೈಕಲಿನ ಟಯರಾದರೋ ಸಪೂರ, ದುಂಡು, ಓಟವೂ ನಿಧಾನ. ನೀರನ್ನು ಅದೇ ಸೀಳಿಕೊಂಡು ಹೋಗುತ್ತದೆ. ಒದ್ದೆ ಡಾಮರಿನಲ್ಲಿ ಹಿಡಿತ ಕೊಡುವುದು ಗೀರುಗಳಲ್ಲ, ರಬ್ಬರಿನ ಗುಣ ಮತ್ತು ಹದವಾದ ಗಾಳಿ. ಮಳೆಯ ದಿನ ಐದು ಪೌಂಡ್ ಇಳಿಸುವುದು ಅನುಭವಿಗಳ ರೂಢಿ. ಹಾಗಿದ್ದರೂ ರಸ್ತೆಯ ಬಿಳಿ ಪಟ್ಟೆ, ಚೆಲ್ಲಿದ ಎಣ್ಣೆ, ಕಬ್ಬಿಣದ ಗಟಾರದ ಮುಚ್ಚಳ, ಪಾಚಿ ಕಟ್ಟಿದ ಪೇವರ್ ಬ್ಲಾಕ್‌ಗಳ ಮೇಲೆ ಯಾವ ಟಯರೂ ಕೈಹಿಡಿಯದು. ಅಲ್ಲಿ ಬ್ರೇಕ್ ಒತ್ತದೆ, ಹ್ಯಾಂಡಲ್ ತಿರುಗಿಸದೆ ನೇರ ದಾಟುವುದೇ ಉಪಾಯ.

ಮಳೆಯಲ್ಲಿ ಪಂಕ್ಚರ್ ಕಾಟವೂ ಹೆಚ್ಚು. ಗಾಜಿನ ಚೂರು, ಲಾರಿ ಟಯರಿನಿಂದ ಉದುರಿದ ಕೂದಲೆಳೆಯಂತಹ ತಂತಿ ನೀರಿನೊಂದಿಗೆ ರಸ್ತೆ ಬದಿಗೆ ಬಂದು ಸೇರುತ್ತವೆ. ಒದ್ದೆ ರಬ್ಬರಿನೊಳಗೆ ಅವು ಸುಲಭವಾಗಿ ನುಸುಳುತ್ತವೆ. ದಿನವೂ ಕೆಲಸಕ್ಕೆ ಸೈಕಲಿನಲ್ಲೇ ಹೋಗುವವರಿಗೆ ಒಳಪದರದ ರಕ್ಷಣೆ ಇರುವ ಶ್ವಾಲ್ಬೆ ಮ್ಯಾರಥಾನ್, ಕಾಂಟಿನೆಂಟಲ್ ಗೇಟರ್‌ಸ್ಕಿನ್ ಮಾದರಿಯ ಟಯರುಗಳು ಹೊಂದುತ್ತವೆ. ಇವು ಭಾರ, ಓಟ ತುಸು ನಿಧಾನ. ಆದರೆ ಬಾಳಿಕೆ ಹೆಚ್ಚು. ಸ್ಪರ್ಧೆಗೆ ಇಳಿಯುವವರು ಗ್ರ್ಯಾಂಡ್ ಪ್ರಿ 5000ದಂತಹ ಹಗುರ, ಮೃದು ಟಯರ್ ಬಯಸುತ್ತಾರೆ. ಅದು ಬೇಗ ಸವೆಯುತ್ತದೆ, ಬೆಲೆಯೂ ದುಬಾರಿ. ವೇಗ, ಬಾಳಿಕೆ, ಅಗ್ಗದ ಬೆಲೆ ಮೂರೂ ಒಂದೇ ಟಯರಿನಲ್ಲಿ ಸಿಗುವುದಿಲ್ಲ. ಯಾವ ಕೆಲಸಕ್ಕೆ ಬೇಕೆಂದು ಮೊದಲೇ ನಿರ್ಧರಿಸಿ ಅಂಗಡಿಯ ಮೆಟ್ಟಿಲು ಹತ್ತುವುದು ಜಾಣತನ.

ಹಳೆಯದು ಮುಂದಕ್ಕೆ ಬೇಡ

ಭಾರ ಹೆಚ್ಚು ಬೀಳುವುದರಿಂದ ಹಿಂದಿನ ಟಯರ್ ಬೇಗ ಸವೆಯುತ್ತದೆ. ಎರಡನ್ನೂ ಸಮವಾಗಿ ಸವೆಸಲೆಂದು ಅದನ್ನು ಮುಂದಕ್ಕೆ ಹಾಕುವ ಅಭ್ಯಾಸ ಕೆಲವರಿಗಿದೆ. ಉಳಿತಾಯದಂತೆ ಕಂಡರೂ ಇದು ಅಪಾಯಕ್ಕೆ ಆಹ್ವಾನ. ಹಿಂದಿನ ಟಯರ್ ಒಡೆದರೆ ಸೈಕಲನ್ನು ಹೇಗೋ ನಿಲ್ಲಿಸಬಹುದು. ಮುಂದಿನದು ಒಡೆದರೆ ಸವಾರ ನೆಲಕ್ಕುರುಳುವುದೇ ಹೆಚ್ಚು. ಹಳೆಯ ಮುಂಬಯಿ-ಪುಣೆ ರಸ್ತೆಯ ಬೋರ್ ಘಾಟಿ ಇಳಿಯುವಾಗ ರಿಮ್ ಬ್ರೇಕನ್ನು ಬಿಡದೆ ಒತ್ತಿದರೆ ರಿಮ್ ಬಿಸಿಯೇರಿ ಟಯರ್ ಸಿಡಿಯಬಹುದು. ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯಬೇಕು. ಹೊಸ ಟಯರ್ ತಂದಾಗ ಅದು ಮುಂದಿನ ಚಕ್ರಕ್ಕೆ, ಮುಂದಿದ್ದದ್ದು ಹಿಂದಕ್ಕೆ, ಹಿಂದೆ ಸವೆದದ್ದು ಗುಜರಿಗೆ: ಇದು ನೆನಪಿಡಬೇಕಾದ ಕ್ರಮ. ದುಂಡಗಿನ ಮೈ ಚಪ್ಪಟೆಯಾದರೆ, ಬದಿಯಲ್ಲಿ ಬಿರುಕು ಬಿಟ್ಟರೆ, ಒಳಗಿನ ದಾರ ಕಾಣಿಸಿದರೆ ಮರುಮಾತಿಲ್ಲದೆ ಬದಲಿಸಬೇಕು.

ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಂದ ರಾಷ್ಟ್ರಮಟ್ಟದ ಸೈಕ್ಲಿಸ್ಟ್‌ಗಳನ್ನು ಕೊಟ್ಟ ನಾಡು ಕರ್ನಾಟಕ. ಆ ಹುಮ್ಮಸ್ಸು ಮಹಾನಗರದ ಕನ್ನಡಿಗರ ಮನೆಗಳಲ್ಲೂ ಬೆಳೆಯಲಿ. ಸಂಘ ಸಂಸ್ಥೆಗಳ ಯುವ ವಿಭಾಗಗಳು ಸೈಕಲ್ ಜಾಥಾ ಏರ್ಪಡಿಸುವಾಗ, ಬ್ಯಾನರು, ಟೀ ಶರ್ಟುಗಳ ಜತೆಗೆ ಹೊರಡುವ ಮುನ್ನ ಪ್ರತಿ ಸೈಕಲಿನ ಟಯರ್ ಪರೀಕ್ಷೆಗೆ ಹತ್ತು ನಿಮಿಷ ಮೀಸಲಿಟ್ಟರೆ ಸಾಕು. ಮಕ್ಕಳು ಸೈಕಲ್ ಏರಿ ಹೊರಟ ಮೇಲೆ ಕಿಟಕಿಯಲ್ಲಿ ದಾರಿ ಕಾಯುವ ತಂದೆ ತಾಯಂದಿರಿಗೆ ಅದಕ್ಕಿಂತ ದೊಡ್ಡ ಸಮಾಧಾನ ಬೇರೊಂದಿಲ್ಲ.