ಜೆಲ್ಲಿನಿಂದ ಗಾಜು: ರೋಹಿತದ ಸಾಕ್ಷ್ಯ

ಮಣ್ಣನ್ನು ಸುಟ್ಟು ಮಾಡುವ ಪಿಂಗಾಣಿಯನ್ನು ಎಲ್ಲರೂ ಬಲ್ಲರು. ಮಣ್ಣಿನ ಗೊಡವೆಯಿಲ್ಲದೆ, ಸಿಲಿಕಾನ್‌ಯುಕ್ತ ಪಾಲಿಮರುಗಳನ್ನು ಕಾಸಿ ಪಡೆಯುವ ಮಾರ್ಗವೂ ಒಂದುಂಟು. 1975ರಲ್ಲಿ ಜಪಾನಿನ ಸೆಯಿಶಿ ಯಾಜಿಮಾ ಅವರು ಇಂಥ ಮಾರ್ಗದಿಂದಲೇ ಸಿಲಿಕಾನ್ ಕಾರ್ಬೈಡಿನ ಎಳೆಗಳನ್ನು ಪಡೆದರು.

ಮೀಥೈಲ್‌ಟ್ರೈಈಥಾಕ್ಸಿಸಿಲೇನ್ ಎಂಬ ದ್ರವವು ನೀರಿನೊಡನೆ ವರ್ತಿಸಿದಾಗ ಸಿಲಿಕಾನ್ ಆಮ್ಲಜನಕಗಳ ಜಾಲ ಹೆಣೆದುಕೊಂಡು ಜೆಲ್ ಆಗುತ್ತದೆ. ಅದನ್ನು ಒಣಗಿಸಿ, ಆರ್ಗಾನ್ ಅನಿಲದಲ್ಲಿ ಸುಮಾರು 1000 ಡಿಗ್ರಿ ಸೆಂಟಿಗ್ರೇಡಿಗೆ ಕಾಸಿದರೆ ಕರಿಯ ಗಾಜು ದೊರೆಯುತ್ತದೆ. ಅದರಲ್ಲುಳಿದ ಇಂಗಾಲದಲ್ಲಿ ಸಿಲಿಕಾನಿಗೆ ಬಂಧಿತವಾದುದೆಷ್ಟು, ಮಸಿಯಂತೆ ಬಿಡಿಯಾದುದೆಷ್ಟು? ಬಂಧಿತ ಇಂಗಾಲವು ಗಾಜಿನ ಜಾಲವನ್ನು ಬಿಗಿಗೊಳಿಸುತ್ತದೆ. ಬಿಡಿ ಇಂಗಾಲವಾದರೋ ಕಾದ ಗಾಳಿಯಲ್ಲಿ ಉರಿದುಹೋಗಬಲ್ಲುದು. ಸ್ಫಟಿಕಕ್ರಮವಿಲ್ಲದ ಈ ವಸ್ತುವಿನಿಂದ ಎಕ್ಸ್-ಕಿರಣಗಳಿಗೆ ಮಸುಕಾದ ವಲಯವಷ್ಟೇ ದೊರೆಯುವುದರಿಂದ, ರೋಹಿತದರ್ಶನದ ಮೊರೆಹೋಗಬೇಕಾಗುತ್ತದೆ.

ಅವಕೆಂಪು ರೋಹಿತದಲ್ಲಿ ಸೆಂಟಿಮೀಟರಿಗೆ ಸುಮಾರು 1270 ಅಲೆಗಳೆಡೆ ಕಾಣುವ ಸಿಲಿಕಾನ್-ಮೀಥೈಲ್ ಪಟ್ಟೆಯು ಕಾವೇರಿದಂತೆ ಕುಂದಿ ಮರೆಯಾಗುತ್ತದೆ. ಹಾಗೆಂದು ಇಂಗಾಲವೆಲ್ಲ ತೊಲಗಿತೆನ್ನಲಾಗದು. ಸಿಲಿಕಾನ್-29ರ ಪರಮಾಣುಬೀಜಗಳ ಕಾಂತೀಯ ಅನುರಣನವು ಒಂದೊಂದು ಸಿಲಿಕಾನಿನ ನೆರೆಹೊರೆಯ ಲೆಕ್ಕವನ್ನು ಒಪ್ಪಿಸುತ್ತದೆ: ನಾಲ್ಕೂ ನೆರೆಗಳು ಆಮ್ಲಜನಕವಾದರೆ ಗುರುತು ದಶಲಕ್ಷಕ್ಕೆ ಮೈನಸ್ 110ರ ಬಳಿ, ಒಂದು ಇಂಗಾಲವಾದರೆ ಮೈನಸ್ 70ರ ಬಳಿ. ಬಿಡಿ ಇಂಗಾಲವನ್ನು ಬಯಲಿಗೆಳೆಯುವುದು, ಸರ್ ಸಿ. ವಿ. ರಾಮನ್ನರು 1928ರಲ್ಲಿ ಕಂಡುಹಿಡಿದ ಪರಿಣಾಮ. ಅದರ ರೋಹಿತದಲ್ಲಿ ಸುಮಾರು 1350 ಮತ್ತು 1600ರೆಡೆ ಎರಡು ಪಟ್ಟೆಗಳು ಮೂಡುತ್ತವೆ.

ಇವುಗಳಲ್ಲಿ ಯಾವೊಂದು ಸಾಕ್ಷ್ಯವೂ ತಾನೊಂದೇ ಸಾಲದು. ಮೂರನ್ನೂ ಕೂಡಿಸಿ ನೋಡಿದಾಗಲೇ, ಎಷ್ಟು ಕಾವಿನಲ್ಲಿ ಕುಲುಮೆಯನ್ನು ನಿಲ್ಲಿಸಬೇಕೆಂಬ ನಿರ್ಣಯಕ್ಕೆ ಆಧಾರ ದೊರೆಯುತ್ತದೆ.